ಕೊಳ್ಳುವವರು ಮನೆ ನೋಡಲು ಬರುವ ಮುನ್ನ: ಹಳೆಯ ಸ್ವಂತ ಮನೆಯನ್ನು ಅಣಿಗೊಳಿಸುವ ಸಮಗ್ರ ಮಾರ್ಗದರ್ಶಿ

ಮನೆ ನೋಡಲು ಯಾರೂ ಒಬ್ಬರೇ ಬರುವುದಿಲ್ಲ. ಗಂಡ ಹೆಂಡತಿ ಬರುತ್ತಾರೆ, ಜೊತೆಗೆ ಅಪ್ಪನೋ ಮಾವನೋ ಇರುತ್ತಾರೆ, ಕೆಲವೊಮ್ಮೆ ಗೊತ್ತಿರುವ ಮೇಸ್ತ್ರಿಯೂ ಇರುತ್ತಾರೆ. ಗಂಡ ಹೆಂಡತಿ ಹಾಲಿನಲ್ಲಿ ಸೋಫಾ ಎಲ್ಲಿ ಹಾಕಬಹುದು ಎಂದು ನೋಡುತ್ತಿರುವಾಗ ಆ ಹಿರಿಯರು ಬಚ್ಚಲಮನೆಯ ಹಿಂಬದಿ ಗೋಡೆಯ ಹತ್ತಿರ ಬಗ್ಗಿ, ನೆಲದಿಂದ ಒಂದಡಿ ಮೇಲೆ ಬೆರಳಿನಿಂದ ಉಜ್ಜಿ, ತುದಿಗೆ ಬಿಳಿ ಪುಡಿ, ಅಂದರೆ ತೇವದಿಂದ ಕಟ್ಟಿದ ಉಪ್ಪು, ಹತ್ತಿತೇ ಎಂದು ನೋಡಿರುತ್ತಾರೆ. ಹತ್ತಿದರೆ ಅವರು ಅಲ್ಲಿ ಏನೂ ಮಾತಾಡುವುದಿಲ್ಲ. ಕಾರಿನಲ್ಲಿ ಕೂತ ಮೇಲೆ ಮಾತಾಡುತ್ತಾರೆ. ನಿಮಗೆ ಬರುವುದು "ಆಮೇಲೆ ಫೋನ್ ಮಾಡ್ತೀವಿ" ಎಂಬ ಮಾತು ಮಾತ್ರ.

ಮನೆ ತೋರಿಸಲು ಅಣಿಮಾಡುವುದೆಂದರೆ ಸಿಂಗಾರ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಬಣ್ಣ ಬಳಿಸಿ, ಪರದೆ ಬದಲಿಸಿ, ಹೂಕುಂಡ ಇಡುತ್ತಾರೆ. ಬೆಲೆ ಇಳಿಸುವುದು ಮಾಸಿದ ಗೋಡೆಯಲ್ಲ, ಅನುಮಾನ. ರಿಪೇರಿಗೆ 20 ಸಾವಿರ ಸಾಕಾಗುವ ತೇವ ಕಂಡರೆ ಕೊಳ್ಳುವವರು ಮನಸ್ಸಿನಲ್ಲೇ 2 ಲಕ್ಷ ಕಳೆಯುತ್ತಾರೆ, ಏಕೆಂದರೆ ಅದರ ಮೂಲ ಎಲ್ಲಿದೆಯೆಂದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಮೊದಲು ಕಾಗದಪತ್ರ, ಆಮೇಲೆ ನೀರು ಮತ್ತು ತೇವ, ಆಮೇಲೆ ಬಣ್ಣ ಮತ್ತು ನೆಲ, ಕೊನೆಗೆ ಅಂದಚೆಂದ. ಈ ಕ್ರಮ ತಿರುವುಮುರುವಾದರೆ ಮಾಡಿದ ಖರ್ಚು ಎರಡು ಸಲ ಆಗುತ್ತದೆ.

ಇಲ್ಲಿ ಹೇಳಿರುವುದು ಹೆಚ್ಚಾಗಿ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ 30×40 ಸೈಟಿನಲ್ಲಿ ಕಟ್ಟಿದ, 15ರಿಂದ 30 ವರ್ಷ ಹಳೆಯ ಸ್ವಂತ ಮನೆಗಳಿಗೆ. ಅಪಾರ್ಟ್‌ಮೆಂಟಿಗೂ ಸಾಕಷ್ಟು ಭಾಗ ಹೊಂದುತ್ತದೆ. ಒಟ್ಟು ಎಂಟು ವಾರ ಇಟ್ಟುಕೊಳ್ಳಿ. ತೇವದ ತೊಂದರೆ ಇಲ್ಲದ ಮನೆಗೆ ನಾಲ್ಕು ವಾರ ಸಾಕು.

ಮೊದಲ ದಿನವೇ ಶುರುಮಾಡಬೇಕಾದದ್ದು ಕಾಗದ

ಗೋಡೆ ಒಣಗುವುದನ್ನು ನಾವು ಲೆಕ್ಕ ಹಾಕಬಹುದು, ಕಚೇರಿಯ ಕೆಲಸವನ್ನು ಹಾಗೆ ಹೇಳಲಾಗುವುದಿಲ್ಲ. ಅದಕ್ಕೇ ಇದು ಮೊದಲು. ಒಂದು ಫೈಲಿನಲ್ಲಿ ಈ ಜೆರಾಕ್ಸ್‌ಗಳು ಇದೇ ಕ್ರಮದಲ್ಲಿರಲಿ: ನಿಮ್ಮ ಕ್ರಯಪತ್ರ, ಅದಕ್ಕೆ ಹಿಂದಿನ ಮಾಲೀಕರ ಪತ್ರಗಳು, ಖಾತಾ, ಇಸಿ (ಆಸ್ತಿಯ ಮೇಲಿನ ಅಡಮಾನ, ವರ್ಗಾವಣೆ ತೋರಿಸುವ ಪತ್ರ), ಮಂಜೂರಾದ ನಕ್ಷೆ, ಕಂದಾಯ ಕಟ್ಟಿದ ರಸೀದಿ, ಕರೆಂಟು ಮತ್ತು ನೀರಿನ ಇತ್ತೀಚಿನ ಬಿಲ್ಲು. ಅಪಾರ್ಟ್‌ಮೆಂಟಾದರೆ ಅಸೋಸಿಯೇಷನ್‌ಗೆ ಬಾಕಿ ಇಲ್ಲವೆಂಬ ಪತ್ರವೂ ಬೇಕು.

ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಇ-ಖಾತಾ ಬಂದ ಮೇಲೂ ಎರಡು ಸಂಗತಿಗಳನ್ನು ಕ್ರಯಪತ್ರದ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ: ಮಾಲೀಕರ ಹೆಸರು ಮತ್ತು ಸೈಟಿನ ಅಳತೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಕೊಳ್ಳುವವರ ಬ್ಯಾಂಕಿನ ವಕೀಲರು ಪ್ರಶ್ನೆ ಎತ್ತುತ್ತಾರೆ. ಇಸಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಆದರೆ ಆನ್‌ಲೈನಿನಲ್ಲಿ ಇರುವುದು 2004ರ ಏಪ್ರಿಲ್‌ನಿಂದೀಚಿನದು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುವುದರಿಂದ ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಬೇರೆಯಾಗಿ ತೆಗೆಸಬೇಕು. ಹಳೆಯ ಸಾಲ ತೀರಿಸಿದ್ದೀರಿ, ಆದರೆ ಇಸಿಯಲ್ಲಿ ಅಡಮಾನ ಇನ್ನೂ ಕಾಣುತ್ತಿದೆಯೇ? ಹಾಗಿದ್ದರೆ ಬ್ಯಾಂಕಿನಿಂದ ಋಣಮುಕ್ತಿ ಪತ್ರ ನೋಂದಣಿ ಆಗಿಲ್ಲವೆಂದು ಅರ್ಥ. ಇದನ್ನು ಮನೆ ತೋರಿಸುವ ಮೊದಲೇ ಸರಿಮಾಡಿಸಿ. ಸಾಲ ಇನ್ನೂ ನಡೆಯುತ್ತಿದ್ದರೆ, ಮೂಲಪತ್ರಗಳು ತನ್ನಲ್ಲಿವೆ ಎಂದು ಬ್ಯಾಂಕ್ ಕೊಡುವ ಪಟ್ಟಿಯ ಪ್ರತಿ ಮತ್ತು ಬಾಕಿ ಎಷ್ಟೆಂಬ ಪತ್ರವನ್ನು ಫೈಲಿಗೆ ಸೇರಿಸಿ.

ಜೆರಾಕ್ಸ್ ಪ್ರತಿ ಪುಟದ ಮೇಲೂ "ಮನೆ ಪರಿಶೀಲನೆಗೆ ಮಾತ್ರ" ಎಂದು ಪೆನ್ನಿನಲ್ಲಿ ಅಡ್ಡಲಾಗಿ ಬರೆದು ತಾರೀಕು ಹಾಕಿ. ಮೂಲಪತ್ರಗಳನ್ನು ಯಾರ ಕೈಗೂ ಕೊಡಬೇಡಿ, ಮನೆಯಲ್ಲಿ ಇಡಲೂ ಬೇಡಿ. ಆಸಕ್ತಿ ಗಟ್ಟಿಯಾದ ಮೇಲೆ, ವಕೀಲರ ಕಚೇರಿಯಲ್ಲಿ ನಿಮ್ಮ ಎದುರಿಗೇ ನೋಡಲಿ.

ಒಂದು ಹಾಳೆಯಲ್ಲಿ ಮನೆಯ ಅಂಕಿಸಂಖ್ಯೆ ಬರೆದಿಡಿ. ಸೈಟು ಎಷ್ಟು ಚದರಡಿ, ಕಟ್ಟಡ ಎಷ್ಟು ಚದರ (ನೂರು ಚದರಡಿಗೆ ಒಂದು ಚದರ), ಯಾವ ವರ್ಷ ಕಟ್ಟಿದ್ದು, ಮಹಡಿ ಯಾವಾಗ ಏರಿಸಿದ್ದು, ಸಂಪಿನ ಅಳತೆ, ಬೋರಿನ ಆಳ, ಕರೆಂಟ್ ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8×6×6 ಅಡಿಯ ಸಂಪಿನಲ್ಲಿ ಸುಮಾರು 8,150 ಲೀಟರ್. ಬೋರಿನ ನೀರನ್ನು 20 ಲೀಟರಿನ ಬಕೆಟ್ಟಿಗೆ ಹಿಡಿದು ಕಾಲ ನೋಡಿ. 20 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 3,600 ಲೀಟರ್ ಆಯಿತು. "ನೀರು ಚೆನ್ನಾಗಿದೆ" ಎನ್ನುವುದಕ್ಕೂ ಹೀಗೆ ಅಂಕಿ ಹೇಳುವುದಕ್ಕೂ ಕೇಳುವವರ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ.

ಕೊಳ್ಳುವವರ ಕಣ್ಣಿನಲ್ಲಿ ಒಂದು ಸುತ್ತು

ಇಪ್ಪತ್ತು ವರ್ಷ ಇದ್ದ ಮನೆಯ ಕೊರತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಳೆದು ಹಾಕಬೇಕಾದ ಬಾಗಿಲನ್ನು ಕೈ ತಾನಾಗಿಯೇ ಎಳೆದು ಹಾಕುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ವಾಸವಿಲ್ಲದ ಒಬ್ಬರನ್ನು, ಅಣ್ಣನನ್ನೋ ಗೆಳತಿಯನ್ನೋ, ಬೆಳಗಿನ ಹತ್ತಕ್ಕೆ ಕರೆಯಿರಿ. ಕೈಯಲ್ಲಿ ಟಾರ್ಚು ಮತ್ತು ನೋಟ್‌ಬುಕ್ಕು ಇರಲಿ. ಗೇಟಿನಿಂದ ಶುರುಮಾಡಿ ಮಹಡಿಯ ಟ್ಯಾಂಕಿನವರೆಗೆ ಎಲ್ಲ ಬಾಗಿಲು, ಕಿಟಕಿ, ನಲ್ಲಿ, ಸ್ವಿಚ್ಚು, ಬೀರುಗಳನ್ನು ತೆಗೆದು ಹಾಕಿ ನೋಡಲಿ. ನೀವು ಸಮಜಾಯಿಷಿ ಕೊಡದೆ ಬರೆದುಕೊಳ್ಳುತ್ತಾ ಹೋಗಿ. ಟಾರ್ಚನ್ನು ಗೋಡೆಗೆ ಎದುರಾಗಿ ಬಿಡದೆ, ಗೋಡೆಗೆ ತಾಗಿಸಿ ಓರೆಯಾಗಿ ಬಿಟ್ಟರೆ ಉಬ್ಬು, ತೇಪೆ, ಬಿರುಕು ಎಲ್ಲ ನೆರಳಾಗಿ ಎದ್ದು ಕಾಣುತ್ತವೆ.

ತೇವ: ಅರ್ಧ ಕೆಲಸ ಇಲ್ಲೇ ಇದೆ

ಗೋಡೆಯ ತೇವಕ್ಕೆ ಮೂಲ ನಾಲ್ಕು ಕಡೆ ಇರಬಹುದು: ಮೇಲಿನ ಮೋಲ್ಡು (ಕಾಂಕ್ರೀಟ್ ಸೂರು), ಬಚ್ಚಲು, ಗೋಡೆಯೊಳಗಿನ ಪೈಪು, ನೆಲ. ಯಾವುದೆಂದು ಗೊತ್ತಾಗುವ ಮೊದಲೇ ಪುಟ್ಟಿ ಬಳಿದು ಬಣ್ಣ ಹೊಡೆಸಿದರೆ ಮುಂದಿನ ಮಳೆಗಾಲಕ್ಕೆ, ಕೆಲವೊಮ್ಮೆ ಮೂರು ವಾರಕ್ಕೇ, ಅದೇ ಜಾಗ ಗುಳ್ಳೆಯೆದ್ದು ಉದುರುತ್ತದೆ. ಅಷ್ಟರಲ್ಲಿ ಮನೆ ಮಾರಾಟ ಆಗಿದ್ದರೂ ಪಾರಾದಿರಿ ಎನ್ನುವಂತಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು.

ಮೂಲ ಹುಡುಕುವುದು ಹೀಗೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತೇವದ ಜಾಗಕ್ಕೆ ಒರೆಸಿ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹನಿ ಕೋಣೆಯ ಕಡೆಗೆ ಮಾತ್ರ ಕಂಡರೆ ಗಾಳಿಯಾಡದೆ ಕೂತ ಆವಿ ಅದು, ಕಿಟಕಿ ತೆಗೆದಿಟ್ಟರೂ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೂ ಹೋಗುತ್ತದೆ.

ಒಳಗಿನ ನೀರೇ ಆದರೆ ಪೈಪಿನಿಂದ ಶುರುಮಾಡಿ. ರಾತ್ರಿ ಹತ್ತಕ್ಕೆ ಎಲ್ಲ ನಲ್ಲಿ ನಿಲ್ಲಿಸಿ, ಫ್ಲಷ್ ಟ್ಯಾಂಕಿನ ವಾಲ್ವು ಮುಚ್ಚಿ, ಮೇಲಿನ ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಐದಕ್ಕೆ ಮಟ್ಟ ಇಳಿದಿದ್ದರೆ ಪೈಪು ಎಲ್ಲೋ ಒಸರುತ್ತಿದೆ. ಇಳಿದಿಲ್ಲವೆಂದರೆ ಮುಂದಿನದು ಬಚ್ಚಲು. ನೆಲದ ಜಾಲರಿಯನ್ನು ಬಟ್ಟೆ ತುರುಕಿ ಬಿಗಿಯಾಗಿ ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಹಿಂಬದಿ ಗೋಡೆ ಮತ್ತು ಕೆಳಮನೆಯ ಸೂರು ನೋಡಿ. ಬಚ್ಚಲು ಸೋರುವುದು ಹೆಚ್ಚಾಗಿ ಟೈಲ್ಸ್ ನಡುವಿನ ಸಂದಿಯಿಂದ ಮತ್ತು ಜಾಲರಿಯ ಸುತ್ತಿನಿಂದ. ಹಳೆಯ ಬಿಳಿ ಸಿಮೆಂಟನ್ನು 2ರಿಂದ 3 ಮಿಮೀ ಆಳಕ್ಕೆ ಕೆರೆದು, ಒಂದು ದಿನ ಪೂರ್ತಿ ಒಣಗಿಸಿ, ಎಪಾಕ್ಸಿ ಗ್ರೌಟ್ (ನೀರು ಒಳಬಿಡದಂತೆ ಸಂದಿ ತುಂಬುವ ಅಂಟು) ತುಂಬಿಸಿ. ತುಂಬಿಸಿದ ಮೇಲೆ 24 ಗಂಟೆ ನೀರು ಬೀಳಬಾರದು. ಒದ್ದೆ ಸಂದಿಗೆ ಎಪಾಕ್ಸಿ ಹಿಡಿಯುವುದಿಲ್ಲ, ಆದ್ದರಿಂದ ಕೆಲಸದವರು ಬೆಳಗ್ಗೆ ಕೆರೆದು ಮಧ್ಯಾಹ್ನವೇ ತುಂಬಲು ಹೊರಟರೆ ತಡೆಯಿರಿ.

ಮಹಡಿಯ ಮೇಲೆ ಮೊದಲು ನೋಡಬೇಕಾದದ್ದು ವಾಟ, ಅಂದರೆ ನೀರು ಹರಿಯುವ ಇಳಿಜಾರು. ಒಂದು ಬಕೆಟ್ ನೀರು ಚೆಲ್ಲಿ ಹತ್ತು ನಿಮಿಷ ಬಿಟ್ಟು ನೋಡಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ವಾಟ ಕೆಟ್ಟಿದೆ. ಹತ್ತಡಿಗೆ ಕನಿಷ್ಠ ಒಂದಿಂಚಾದರೂ ಇಳಿಜಾರು ಬೇಕು. ನೀರು ಹೋಗುವ ಪೈಪಿನ ಬಾಯಲ್ಲಿ ಕಟ್ಟಿದ ಎಲೆ, ಪಾರಿವಾಳದ ಗರಿ ತೆಗೆದರೆ ಎಷ್ಟೋ ಮನೆಗಳ ಸೋರಿಕೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಪ್ಯಾರಪೆಟ್ ಗೋಡೆ ಮೋಲ್ಡಿಗೆ ಕೂಡುವ ಮೂಲೆ. ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗುತ್ತದೆ, ಗೋಡೆ ಅಷ್ಟು ಹಿಗ್ಗುವುದಿಲ್ಲ, ಆ ಸಂದಿಯಲ್ಲಿ ಬಿರುಕು ಬಂದು ನೀರು ಇಳಿಯುತ್ತದೆ. ಸಂದಿಯನ್ನು ಕೆರೆದು, ಮೂಲೆಗೆ ಗಾರೆಯ ದುಂಡು ಇಳಿಜಾರು ಕಟ್ಟಿಸಿ, ಮೇಲೆ ಫೈಬರ್ ಜಾಲರಿ ಇಟ್ಟು ವಾಟರ್‌ಪ್ರೂಫ್ ಕೋಟು ಹೊಡೆಸಿ. ಉಳಿದ ಮಹಡಿಗೆ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆದು, ಎರಡು ದಿನ ಒಣಗಿಸಿ ಎರಡು ಕೋಟು. ಪಾಚಿಯ ಮೇಲೇ ಹೊಡೆದ ಕೋಟು ಹಪ್ಪಳದಂತೆ ಎದ್ದು ಬರುತ್ತದೆ.

ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ ಮದ್ರಾಸ್ ತಾರಸಿ ಮನೆಯಾದರೆ ಮಹಡಿಯ ಮೇಲೆ ನೀರು ಕಟ್ಟಿ ಪರೀಕ್ಷೆ ಮಾಡಬೇಡಿ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದು ನಿಮ್ಮ ಕೈಯ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು.

ನಾಲ್ಕನೆಯದು ನೆಲದಿಂದ ಏರುವ ತೇವ. ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದೆ, ಮನೆ ಕೆಳಗೆ ಉಳಿದಿದೆ. ಗೋಡೆಯ ಬುಡದಲ್ಲಿ ಎರಡು ಮೂರು ಅಡಿವರೆಗೆ ಉಪ್ಪು ಕಟ್ಟುವುದಕ್ಕೆ ಹಲವು ಕಡೆ ಇದೇ ಕಾರಣ. ಹೊರಗೆ ಗೋಡೆಗೆ ತಾಗಿಕೊಂಡಿರುವ ಮಣ್ಣು, ಹೂಕುಂಡ ತೆಗೆಸಿ, ನೀರು ಗೇಟಿನ ಕಡೆ ಅಥವಾ ಮೋರಿಗೆ ಹರಿಯುವಂತೆ ವಾಟ ಕೊಡಿಸಿ. ಒಳಗೆ, ಒದ್ದೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿಸಿ, ಇಟ್ಟಿಗೆ ಸಂದಿ ಬ್ರಷ್ಷಿನಿಂದ ಉಜ್ಜಿ, ಒಂದು ವಾರ ಬಯಲಾಗಿ ಒಣಗಲು ಬಿಡಿ. ಆಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ವಾಟರ್‌ಪ್ರೂಫ್ ದ್ರವ ಸೇರಿಸಿ ಹೊಸ ಗಾರೆ. ದ್ರವದ ಅಳತೆ ಡಬ್ಬದ ಮೇಲಿರುತ್ತದೆ, ಸಾಮಾನ್ಯವಾಗಿ 50 ಕೆಜಿ ಚೀಲಕ್ಕೆ 200 ಮಿಲಿ. ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡಿ, ಮೂರು ವಾರ ಒಣಗಿಸಿ, ಆಮೇಲಷ್ಟೇ ಪ್ರೈಮರ್. ಎಂಟು ವಾರ ಬೇಕು ಎಂದದ್ದು ಇದಕ್ಕೇ.

ರಿಪೇರಿಯ ಬಿಲ್ಲು, ಕೆತ್ತಿದಾಗ ತೆಗೆದ ಫೋಟೊ ಎರಡನ್ನೂ ಫೈಲಿನಲ್ಲಿಡಿ. "ಇಲ್ಲಿ ತೇವ ಇತ್ತು, ಕಾರಣ ಇದು, ಹೀಗೆ ಸರಿಮಾಡಿಸಿದೆವು" ಎಂದು ತೋರಿಸುವುದರಿಂದ ಬೆಲೆ ಬೀಳುವುದಿಲ್ಲ. ಮುಚ್ಚಿಟ್ಟದ್ದು ಸಿಕ್ಕಿಬಿದ್ದಾಗ ಬೆಲೆಯ ಜೊತೆ ನಂಬಿಕೆಯೂ ಬೀಳುತ್ತದೆ.

ಬಿರುಕು, ಗೆದ್ದಲು

ಕೂದಲೆಳೆಯಂಥ ಬಿರುಕು ಗಾರೆಯದ್ದು, ಅಂಜಬೇಕಿಲ್ಲ. ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವ ಕಡೆ ನೇರವಾಗಿ ಇಳಿದ ಬಿರುಕು ಕೂಡ ಸಾಮಾನ್ಯ. ಅದನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಅಗಲಿಸಿ, ಕ್ರ್ಯಾಕ್ ಫಿಲ್ಲರ್ ತುಂಬಿ, ಅಗಲವಾಗಿದ್ದರೆ ಕೋಳಿ ಜಾಲರಿ ಕೂರಿಸಿ ಗಾರೆ ಹಾಕಿಸಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ಗೋಡೆಯ ಎರಡೂ ಬದಿ ಕಾಣುವ, ನಾಣ್ಯ ತೂರುವಷ್ಟು ಅಗಲದ ಬಿರುಕು ಬೇರೆ ಜಾತಿ. ಅದರ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ತಿಂಗಳಲ್ಲಿ ಗೆರೆ ದಾಟಿ ಬೆಳೆದಿದ್ದರೆ ಎಂಜಿನಿಯರ್‌ಗೆ ತೋರಿಸಿ, ಅವರ ವರದಿ ಫೈಲಿಗೆ ಸೇರಲಿ.

ಗೆದ್ದಲಿನ ಮಣ್ಣಿನ ಗೆರೆಯನ್ನು ಕೆರೆದು ಹಾಕಿ ಸುಮ್ಮನಾಗುವುದು ದೊಡ್ಡ ತಪ್ಪು. ಗೂಡು ನೆಲದಲ್ಲಿರುತ್ತದೆ, ವಾರದಲ್ಲಿ ಪಕ್ಕದ ಚೌಕಟ್ಟಿನಿಂದ ಏರುತ್ತದೆ. ಗೋಡೆ ನೆಲ ಕೂಡುವಲ್ಲಿ ಒಂದೊಂದಡಿಗೆ 12 ಮಿಮೀ ತೂತು ಕೊರೆದು ಔಷಧಿ ತುಂಬುವವರನ್ನು ಕರೆಸಿ, ಬಣ್ಣಕ್ಕೆ ಮೊದಲು. ಗ್ಯಾರಂಟಿ ಪತ್ರ ಕೊಡುತ್ತಾರೆ, ಅದು ಕೊಳ್ಳುವವರ ಹೆಸರಿಗೆ ಮುಂದುವರಿಯುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ನಲ್ಲಿ, ಮೋರಿ, ವಾಸನೆ

ಬಂದವರು ನಲ್ಲಿ ತಿರುಗಿಸಿಯೇ ತಿರುಗಿಸುತ್ತಾರೆ. ತೊಟ್ಟಿಕ್ಕುವ ನಲ್ಲಿಗೆ ವಾಷರ್, ಅಲ್ಲಾಡುವ ಕಮೋಡಿಗೆ ಬುಡದ ಬೋಲ್ಟು, ನಿಲ್ಲದೆ ಹರಿಯುವ ಫ್ಲಷ್ಷಿಗೆ ಒಳಗಿನ ಫ್ಲೋಟ್ ವಾಲ್ವು. ಪ್ಲಂಬರಿಗೆ ಅರ್ಧ ದಿನದ ಕೆಲಸ. ಬೋರ್ ನೀರಿನ ಬಿಳಿ ಕಲೆ ನಲ್ಲಿಯ ಮೇಲಿದ್ದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಆ್ಯಸಿಡ್ ಹಾಕಿದರೆ ಕಲೆಯ ಜೊತೆ ಹೊಳಪಿನ ಲೇಪವೂ ಹೋಗುತ್ತದೆ.

ಬೀಗ ಹಾಕಿದ ಮನೆಯ ಬಾಗಿಲು ತೆಗೆದೊಡನೆ ಮೋರಿ ವಾಸನೆ ಬರುವುದಕ್ಕೆ ಬಹುಪಾಲು ಕಾರಣ ಒಂದೇ. ನೆಲದ ಜಾಲರಿಯ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಎರಡಿಂಚಿನಷ್ಟು ನೀರು ನಿಂತು ಮೋರಿಯ ಗಾಳಿಯನ್ನು ತಡೆಯುತ್ತಿರುತ್ತದೆ. ಎರಡು ಮೂರು ವಾರ ಬಳಕೆ ಇಲ್ಲದಿದ್ದರೆ ಆ ನೀರು ಆರಿಹೋಗುತ್ತದೆ. ಪ್ರತಿ ಜಾಲರಿಗೂ ಎರಡು ಚೊಂಬು ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿ ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ. ಮಾಲೀಕರು ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಇಲ್ಲಿನ ಮನೆ ಮಾರುವಾಗ, ಬೀಗದ ಕೈ ಇಟ್ಟುಕೊಂಡವರಿಗೆ ಹೇಳಬೇಕಾದ ಮೊದಲ ಮಾತು ಇದು: ವಾರಕ್ಕೊಮ್ಮೆ ಜಾಲರಿಗಳಿಗೆ ನೀರು, ಕಿಟಕಿಗಳಿಗೆ ಎರಡು ಗಂಟೆ ಗಾಳಿ.

ರೂಮ್ ಫ್ರೆಶ್‌ನರ್ ಹೊಡೆಯುವುದು, ಹೊಗೆ ತುಂಬುವಷ್ಟು ಊದುಬತ್ತಿ ಹಚ್ಚುವುದು ಬೇಡ. ಏನನ್ನೋ ಮುಚ್ಚುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ಚಿಮ್ನಿಯ ಜಾಲರಿಯನ್ನು ಕುದಿನೀರಿಗೆ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ ತೊಳೆಯಿರಿ, ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಬದಲು ಪಾತ್ರೆ ತೊಳೆಯುವ ಸೋಪು. ಸಂಪು ಬರಿದು ಮಾಡಿಸಿ ತೊಳೆಸಿ, ಮುಚ್ಚಳ ತೆಗೆದು ನೋಡುವವರಿದ್ದಾರೆ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 60×40 ಸೈಟಿನ ಹಳೆಯ ಮನೆಗಳಿಗೂ 30×40ರ ಹೊಸ ಮನೆಗಳಿಗೂ ಕಡ್ಡಾಯ. ನಿಮ್ಮಲ್ಲಿದ್ದರೆ ಫಿಲ್ಟರ್ ತೊಳೆದಿಡಿ.

ಕರೆಂಟು ಮತ್ತು ಬಾಗಿಲು

ಎಲ್ಲ ಸ್ವಿಚ್ಚು ಹಾಕಿ ನೋಡಿ. ಒಂದು ಸ್ವಿಚ್ಚು ಕೆಲಸ ಮಾಡದಿದ್ದರೆ ಇಡೀ ವೈರಿಂಗ್ ಮೇಲೆ ಗುಮಾನಿ ಹೋಗುತ್ತದೆ. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ, ಸ್ವಿಚ್ಚು ಕೆಳಗೆ ಬೀಳಬೇಕು. ಒಂದು ಕೋಣೆಯಲ್ಲಿ ಹಳದಿ ಬಲ್ಬು ಇನ್ನೊಂದರಲ್ಲಿ ನೀಲಿ ಬಿಳಿ ಬೇಡ. 10×12ರ ಕೋಣೆಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಸಾಕು, ಎಲ್ಲ ಕಡೆ ಒಂದೇ ಬಣ್ಣದ್ದಿರಲಿ. ಮಳೆಗಾಲದಲ್ಲಿ ಉಬ್ಬಿ ಕಚ್ಚುವ ಬಾಗಿಲನ್ನು ಬಡಗಿ ಹೆಚ್ಚು ಹೆರೆದರೆ ಬೇಸಿಗೆಯಲ್ಲಿ ಬೆಳಕು ಕಾಣುವಷ್ಟು ಸಂದಿ ಬರುತ್ತದೆ. ಎರಡು ಮಿಮೀ ಮಾತ್ರ ಹೆರೆಸಿ, ಹೆರೆದ ಅಂಚಿಗೆ ವಾರ್ನಿಷ್ ಹೊಡೆಸಿ, ಬರಿಮರ ನೀರು ಕುಡಿಯದಂತೆ.

ಬಣ್ಣ

ಇಡೀ ಮನೆಗೆ ಬೇಕಿಲ್ಲ. ಹಾಲು, ಅಡುಗೆಮನೆ, ಎದುರಿನ ಹೊರಗೋಡೆ ಮತ್ತು ರಿಪೇರಿ ಮಾಡಿಸಿದ ಗೋಡೆಗಳಿಗೆ ಬಣ್ಣ ಬೇಕು. ತೇಪೆ ಹಾಕಿದ ಜಾಗಕ್ಕೆ ಮಾತ್ರ ಹೊಡೆಸಿದರೆ ಅಲ್ಲಿ ಏನೋ ಇತ್ತೆಂದು ಬೆರಳು ಮಾಡಿ ತೋರಿಸಿದಂತೆ, ಮೂಲೆಯಿಂದ ಮೂಲೆಗೆ ಪೂರ್ತಿ ಗೋಡೆ ಹೊಡೆಸಿ. ಕೆನೆಬಿಳಿ, ತಿಳಿ ಬೂದು ಸಾಕು. ಮಗುವಿನ ಕೋಣೆಯ ಗಾಢ ನೀಲಿ ನಿಮಗೆ ಎಷ್ಟೇ ಪ್ರಿಯವಾಗಿದ್ದರೂ ಕೋಣೆಯನ್ನು ಕಿರಿದಾಗಿಸುತ್ತದೆ.

ಲೆಕ್ಕ ಹೀಗೆ: 10×12ರ ಕೋಣೆ, ಹತ್ತಡಿ ಎತ್ತರ. ನಾಲ್ಕು ಗೋಡೆ ಸೇರಿ 440 ಚದರಡಿ, ಒಂದು ಬಾಗಿಲು ಎರಡು ಕಿಟಕಿ ಕಳೆದರೆ ಸುಮಾರು 387. ಎರಡು ಕೋಟು ಹೊಡೆದರೆ ಒಂದು ಲೀಟರ್ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) 60ರಿಂದ 70 ಚದರಡಿ ಬರುತ್ತದೆ, ಅಂದರೆ ಆರು ಲೀಟರ್. ಪೇಂಟರ್ ಇದಕ್ಕೆ ಹತ್ತು ಲೀಟರ್ ಬರೆದರೆ ಕಾರಣ ಕೇಳಿ, ಮೂರಕ್ಕೆ ಮುಗಿಸಿದರೆ ನೀರು ಹೆಚ್ಚು ಬೆರೆತಿದೆ. ಕೋಟುಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡಿ.

ಹಳೆಯ ಮನೆಯಲ್ಲಿ ಬಣ್ಣ ಕಿತ್ತು ಬರಲು ತೇವ ಬಿಟ್ಟರೆ ಇನ್ನೆರಡು ಕಾರಣ. ಕೆಳಗೆ ಸುಣ್ಣ ಇರುವುದು ಒಂದು. ಸುಣ್ಣದ ಪುಡಿಯ ಮೇಲೆ ಪುಟ್ಟಿ ನಿಲ್ಲುವುದಿಲ್ಲ, ಪೂರ್ತಿ ಕೆರೆದು ತೆಗೆಸಲೇಬೇಕು. ಅಡುಗೆಮನೆಯ ಗೋಡೆಗೆ ಹಿಂದೆ ಆಯಿಲ್ ಪೇಂಟ್ ಹೊಡೆಸಿರುವುದು ಇನ್ನೊಂದು. ಆ ನುಣುಪಿನ ಮೇಲೆ ಎಮಲ್ಷನ್ ಕಚ್ಚಿಕೊಳ್ಳದು, ಉಪ್ಪುಕಾಗದದಿಂದ ಉಜ್ಜಿ ಮಂಕು ಮಾಡಿ ಪ್ರೈಮರ್ ಕೊಡಿಸಿ. ಬಣ್ಣದ ಕೆಲಸ ಮುಗಿದು, ಮನೆ ತೋರಿಸುವುದಕ್ಕೆ ಹತ್ತು ದಿನವಾದರೂ ಇರಲಿ. ಹಸಿ ಬಣ್ಣದ ವಾಸನೆ ಬಂದರೆ "ಮಾರುವುದಕ್ಕಾಗಿಯೇ ಬಳಿಸಿದ್ದಾರೆ" ಎಂದುಕೊಳ್ಳುತ್ತಾರೆ.

ನೆಲ

ಕಾವಿ ನೆಲ, ಅಂದರೆ ರೆಡ್ ಆಕ್ಸೈಡ್ ಇದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಲು ಹೋಗಬೇಡಿ. ಇವತ್ತು ಅಂಥ ನೆಲ ಮಾಡುವ ಕೈಗಳು ಕಡಿಮೆ, ಇಷ್ಟಪಟ್ಟು ಹುಡುಕುವವರು ಇದ್ದಾರೆ. ತಿಳಿ ಸೋಪುನೀರಿನಿಂದ ಒರೆಸಿ, ಒಂದು ದಿನ ಒಣಗಿಸಿ, ಹತ್ತಿಬಟ್ಟೆಗೆ ಕೊಬ್ಬರಿ ಎಣ್ಣೆ ಸವರಿ ತೆಳ್ಳಗೆ ಉಜ್ಜಿ. ನೂರು ಚದರಡಿಗೆ ಒಂದು ಚಮಚ ಸಾಕು. ಅರ್ಧ ಗಂಟೆಯ ಮೇಲೆ ಒಣಬಟ್ಟೆಯಿಂದ ಎಣ್ಣೆ ಉಳಿಯದಂತೆ ತಿಕ್ಕಿ ತೆಗೆಯಿರಿ. ಬೆರಳು ಎಳೆದರೆ ಗೆರೆ ಮೂಡಬಾರದು. ಎಣ್ಣೆ ಉಳಿದರೆ ಧೂಳು ಕೂರುತ್ತದೆ, ಅದಕ್ಕಿಂತ ಹೆಚ್ಚಾಗಿ ಬಂದ ಹಿರಿಯರು ಜಾರುತ್ತಾರೆ.

ಮೊಸಾಯಿಕ್ ನೆಲಕ್ಕೆ ಯಂತ್ರದ ಪಾಲಿಶ್ ಮಾಡಿಸಬಹುದು, ಬಣ್ಣಕ್ಕೆ ಮೊದಲು, ಏಕೆಂದರೆ ಕೆಸರು ಗೋಡೆಗೆ ಸಿಡಿಯುತ್ತದೆ. ಮೊಸಾಯಿಕ್ಕಿಗೂ ಅಮೃತಶಿಲೆಗೂ ವಿನೆಗರ್, ನಿಂಬೆಹುಳಿ, ಆ್ಯಸಿಡ್ ತಾಗಬಾರದು, ಕಲ್ಲೇ ಕರಗಿ ಮಂಕಾಗುತ್ತದೆ.

ಸಾಮಾನು, ದೇವರಮನೆ, ವಾಸ್ತು

ಅಟ್ಟದ ಮೇಲಿನದನ್ನು ಇಳಿಸಿ. ಹಳೇ ಪೇಪರ್, ಮುರಿದ ಮಿಕ್ಸಿ, ಟಿವಿಯ ರಟ್ಟಿನ ಪೆಟ್ಟಿಗೆ ಗುಜರಿಗೆ ಹೋಗಲಿ. ಬೀರುಗಳಲ್ಲಿ ಮೂರರಲ್ಲಿ ಒಂದು ಪಾಲು ಖಾಲಿ ಇರಲಿ, ಕಿಕ್ಕಿರಿದ ಬೀರು ನೋಡಿದವರಿಗೆ ಜಾಗ ಸಾಲದೆನಿಸುತ್ತದೆ. ಕಿಟಕಿಗೆ ಅಡ್ಡ ಇಟ್ಟ ಮಂಚ, ಬಾಗಿಲ ಹಿಂದೆ ನೇತಾಡುವ ಬಟ್ಟೆ ತೆಗೆಯಿರಿ. ಚಪ್ಪಲಿ ಗೂಡು ಹೊಸಿಲಿನಿಂದ ಪಕ್ಕಕ್ಕೆ. ಹೊಸಿಲು ತೊಳೆದು ರಂಗೋಲಿ ಹಾಕುವುದು ನಿಮ್ಮಲ್ಲಿ ದಿನದ ರೂಢಿಯಾದರೆ ಅಂದೂ ಹಾಕಿ.

ದೇವರಮನೆಯ ಸೂರಿಗೆ ಕಟ್ಟಿದ ದೀಪದ ಮಸಿಯನ್ನು ಒಣಬಟ್ಟೆಯಿಂದ ಮೊದಲು ತೆಗೆದು ಆಮೇಲೆ ಒದ್ದೆಬಟ್ಟೆ ಆಡಿಸಿ, ಮೊದಲೇ ನೀರು ತಾಗಿದರೆ ಮಸಿ ಗೋಡೆಗೆ ಇಳಿಯುತ್ತದೆ. ವಾಸ್ತುವಿನ ವಿಷಯದಲ್ಲಿ ವಾದ ಬೇಡ, ಮಾರಾಟಕ್ಕೆಂದು ಗೋಡೆ ಒಡೆಸುವುದೂ ಬೇಡ. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು ದಿಕ್ಕು ಗುರುತಿಸಿ ಕೊಟ್ಟರೆ ಅವರ ಜೋಯಿಸರಿಗೆ ಅವರು ತೋರಿಸಿಕೊಳ್ಳುತ್ತಾರೆ. ಮುಂಬಾಗಿಲಲ್ಲಿ ಹೊರಗೆ ಮುಖಮಾಡಿ ನಿಂತು ದಿಕ್ಸೂಚಿ ನೋಡಿ, ಕಬ್ಬಿಣದ ಗೇಟು ಗ್ರಿಲ್ಲಿನಿಂದ ನಾಲ್ಕೈದು ಅಡಿ ದೂರ ಇರಬೇಕು, ಇಲ್ಲವಾದರೆ ಮುಳ್ಳು ತಪ್ಪು ತೋರಿಸುತ್ತದೆ.

ಚಿನ್ನ, ಚೆಕ್ ಬುಕ್, ಆಧಾರ್ ಕಾರ್ಡ್ ಲಾಕರಿಗೆ. ಔಷಧಿಗಳೂ ಕಣ್ಣಿಗೆ ಬೀಳುವಲ್ಲಿ ಬೇಡ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರ ಸಹಕಾರ ಇಲ್ಲದೆ ಏನೂ ನಡೆಯದು. ಒಂದು ದಿನ ಮೊದಲು ತಿಳಿಸಿ, ವಾರಕ್ಕೆ ಎರಡೇ ಸಲ, ಗೊತ್ತಾದ ಹೊತ್ತಿಗೆ ಬರುತ್ತೇವೆಂದು ಒಪ್ಪಿಸಿ. ಅಡ್ವಾನ್ಸ್ ಹಣ ಯಾವಾಗ ವಾಪಸ್ ಕೊಡುತ್ತೀರೆಂದು ಮೊದಲೇ ಬರೆದುಕೊಟ್ಟರೆ ಅವರೂ ಮನೆಯನ್ನು ಓರಣವಾಗಿ ಇಡುತ್ತಾರೆ.

ಫೋಟೊ ಮತ್ತು ದಿನದ ಆಯ್ಕೆ

ಫೋಟೊವನ್ನು ಎದೆಯೆತ್ತರದಿಂದ, ಕೋಣೆಯ ಮೂಲೆಯಲ್ಲಿ ನಿಂತು, ಫೋನ್ ಅಡ್ಡಡ್ಡ ಹಿಡಿದು, ಹಗಲಲ್ಲಿ ದೀಪವನ್ನೂ ಹಾಕಿ ತೆಗೆಯಿರಿ. ಪೂರ್ವಕ್ಕೆ ಕಿಟಕಿ ಇರುವ ಕೋಣೆ ಬೆಳಗ್ಗೆ, ಪಶ್ಚಿಮದ್ದು ಸಂಜೆ. ಹದಿನೈದು ಸಾಕು, ಮಹಡಿ ಮತ್ತು ಎದುರಿನ ರಸ್ತೆ ಮರೆಯಬೇಡಿ. ಮನೆ ನಂಬರು, ಕಾರಿನ ನಂಬರು, ಮಕ್ಕಳ ಮುಖ ಚಿತ್ರದಲ್ಲಿ ಬರಬಾರದು.

ಆಷಾಢದಲ್ಲಿ, ಧನುರ್ಮಾಸದಲ್ಲಿ ಮಾತು ಮುಗಿಸಿ ಮುಂಗಡ ಕೊಡುವವರು ಕಡಿಮೆ. ಹಾಗೆಂದು ಆಷಾಢ ವ್ಯರ್ಥವಲ್ಲ. ಮಳೆ ಸುರಿಯುವಾಗ ಒಣಗಿರುವ ಗೋಡೆ ತೋರಿಸುವುದಕ್ಕಿಂತ ದೊಡ್ಡ ಪ್ರಮಾಣಪತ್ರ ಇಲ್ಲ. ಆಗ ನೋಡಿ ಹೋದವರು ಶ್ರಾವಣದಲ್ಲಿ ಮಾತಿಗೆ ಬರುತ್ತಾರೆ. ಶನಿವಾರ ಭಾನುವಾರ ರಾಹುಕಾಲ ಬಿಟ್ಟು ಹೊತ್ತು ಕೊಡಿ. ಭಾನುವಾರದ ರಾಹುಕಾಲ ಸಂಜೆ ಸುಮಾರು ನಾಲ್ಕೂವರೆಯಿಂದ ಆರು, ಶನಿವಾರದ್ದು ಬೆಳಗ್ಗೆ ಒಂಬತ್ತರಿಂದ ಹತ್ತೂವರೆ. ಪಶ್ಚಿಮದ ಬಾಗಿಲಿನ ಮನೆಗೆ ಸಂಜೆ ನಾಲ್ಕರ ಬಿಸಿಲು ಬೇಡ, ಹನ್ನೊಂದಕ್ಕೆ ಕರೆಯಿರಿ.

ತೋರಿಸುವ ದಿನ

ಎರಡು ಗಂಟೆ ಮೊದಲು: ಕಿಟಕಿಗಳೆಲ್ಲ ತೆರೆಯಿರಿ, ಟ್ಯಾಂಕು ತುಂಬಿಸಿ, ಜಾಲರಿಗಳಿಗೆ ನೀರು ಹಾಕಿ, ಕಸದ ಡಬ್ಬ ಹೊರಗಿಡಿ, ಒದ್ದೆ ಬಟ್ಟೆ ಮಹಡಿಗೆ ಹೋಗಲಿ. ಅಡುಗೆಗೆ ಒಗ್ಗರಣೆ, ಮೀನು ಏನಿದ್ದರೂ ಅವರು ಹೋದ ಮೇಲೆ. ಅರ್ಧ ಗಂಟೆ ಮೊದಲು ಬಚ್ಚಲಿನ ನೆಲ ಒಣಗಿಸಿ. ನಾಯಿ ಇದ್ದರೆ ಪಕ್ಕದ ಮನೆಯಲ್ಲಿರಲಿ.

ಮಾತಾಡುವವರು ಒಬ್ಬರೇ ಇರಬೇಕು. ಗಂಡ ಒಂದು ವರ್ಷ, ಹೆಂಡತಿ ಇನ್ನೊಂದು ವರ್ಷ ಹೇಳಿದರೆ ಅಲ್ಲೇ ಎಡವುತ್ತೀರಿ. ಗೇಟು, ಹಾಲು, ಅಡುಗೆಮನೆ, ಕೋಣೆಗಳು, ಮಹಡಿ, ಸಂಪು, ಮತ್ತೆ ಹಾಲಿಗೆ ಬಂದು ಕೂರುವುದು, ಈ ದಾರಿ ಹಿಡಿಯಿರಿ. ನೀವು ಮುಂದೆ ನಡೆದು ಬಾಗಿಲಲ್ಲಿ ನಿಲ್ಲಬೇಡಿ, ಅವರನ್ನು ಒಳಗೆ ಬಿಟ್ಟು ಹಿಂದೆ ನಿಲ್ಲಿ. ಗೋಡೆ ತಟ್ಟಿ ನೋಡಿದರೆ, ಮೂಲೆ ಉಜ್ಜಿ ನೋಡಿದರೆ ಸುಮ್ಮನಿರಿ. ಕೇಳದೆ ಹೊಗಳಬೇಡಿ. ಕೇಳಿದಾಗ ಹಾಳೆ ನೋಡಿ ಅಂಕಿ ಹೇಳಿ. ಕೂತ ಮೇಲೆ ಕಾಫಿ ಕೊಟ್ಟು ಫೈಲು ಮುಂದಿಡಿ.

ಬೆಲೆಯ ಮಾತನ್ನು ಮೊದಲ ಭೇಟಿಯಲ್ಲಿ ನಿಂತಲ್ಲೇ ಇಳಿಸಬೇಡಿ. ಬ್ರೋಕರ್ ಮೂಲಕ ಬಂದವರಾದರೆ ಕಮಿಷನ್ ಶೇ 1ರೋ ಶೇ 2ರೋ ಎಂಬುದು ಅವರು ಗೇಟು ದಾಟುವ ಮೊದಲೇ ಗೊತ್ತಾಗಿರಲಿ. 50 ಲಕ್ಷ ಮತ್ತು ಮೇಲ್ಪಟ್ಟ ಬೆಲೆಗೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. ಮಾರುವವರು ಎನ್‌ಆರ್‌ಐ ಆದರೆ ಈ ಶೇ 1ರ ಲೆಕ್ಕ ನಡೆಯುವುದಿಲ್ಲ, ಕಡಿತ ಇನ್ನೂ ಹೆಚ್ಚು, ಆಡಿಟರ್ ಜೊತೆ ಮೊದಲೇ ಮಾತಾಡಿ.

ಅವರು ಹೋದ ಮೇಲೆ ನೋಟ್‌ಬುಕ್ ತೆಗೆದು ಏನೇನು ಕೇಳಿದರು, ಎಲ್ಲಿ ಹೆಚ್ಚು ಹೊತ್ತು ನಿಂತರು ಎಂದು ಬರೆಯಿರಿ. ಮೂರು ಕುಟುಂಬಗಳು ಒಂದೇ ಜಾಗದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರೆ ನಾಲ್ಕನೆಯವರು ಬರುವ ಮೊದಲು ಅದನ್ನು ಸರಿಮಾಡಿಸಿ. ಆಮೇಲೆ ನಲ್ಲಿಗಳು ಪೂರ್ತಿ ನಿಂತಿವೆಯೇ, ಸಂಪಿನ ಮುಚ್ಚಳ ಕೂತಿದೆಯೇ, ಮಹಡಿಯ ಬಾಗಿಲಿಗೆ ಚಿಲಕ ಬಿದ್ದಿದೆಯೇ ನೋಡಿಕೊಂಡು ಬನ್ನಿ.